ಸತ್ಯವ್ವನ ಬೂದಿ ಡಬ್ಬಿ

ಬೈಲಹೊಂಗಲದಲ್ಲಿ ಕೂಸು ಹುಟ್ಟಿದ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ಮೊದಲು ಬಾಣಂತಿಗೊಂದು ಖಣ, ಅಂಟಿನುಂಡೆಗೆಂದು ಒಂದಿಷ್ಟು ಉತ್ತತ್ತಿ ಒಯ್ಯುತ್ತಿದ್ದರು. ಈಗ ಊರಿಗೆಲ್ಲ ಒಂದೇ ಬುದ್ಧಿ ಬಂದಿದೆ. ಬಜಾರದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಗುಲಾಬಿ ಬಣ್ಣದ ಪೆಟ್ಟಿಗೆ ಸಿಗುತ್ತದೆ. ಒಳಗೆ ಒಂದು ಸೋಪು, ಒಂದು ಎಣ್ಣೆ ಬಾಟಲಿ, ಒಂದು ಪೌಡರ್ ಡಬ್ಬಿ. ಕೊಡುವವರಿಗೆ ಯೋಚನೆಯಿಲ್ಲ, ತೆಗೆದುಕೊಳ್ಳುವವರಿಗೆ ಸಂತೋಷವಿಲ್ಲ. ಶೈಲಜಾಳ ಮಗಳು ಮೀನಾ ತವರಿನಲ್ಲಿ ಹೆತ್ತು ತಿಂಗಳಾಗುವಷ್ಟರಲ್ಲಿ ಪಡಸಾಲೆಯ ಶೋಕೇಸಿನಲ್ಲಿ ಹತ್ತೊಂಬತ್ತು ಪೌಡರ್ ಡಬ್ಬಿಗಳು ಸಾಲಾಗಿ ನಿಂತಿದ್ದವು.

ಸತ್ಯವ್ವ ದಿನಾ ಮುಂಜಾನೆ ಆ ಸಾಲಿನ ಮುಂದೆ ಹಾದು ಕೂಸಿಗೆ ನೀರೆರೆಯಲು ಬಚ್ಚಲಿಗೆ ಹೋಗುವಾಗ ಒಮ್ಮೆ ಮೂಗು ಮುರಿಯುತ್ತಿದ್ದಳು.

"ಇಷ್ಟ ಪಾವಡರ್ ಒಂದ್ ಕೂಸಿಗಿ ಹಚ್ಚಾಕಂತ ಕೊಟ್ಟಾರೋ, ಮನಿಗಿ ಸುಣ್ಣಾ ಹಚ್ಚಾಕಂತ ಕೊಟ್ಟಾರೋ?"

ಶೈಲಜಾ ನಕ್ಕು ಸುಮ್ಮನಾಗುತ್ತಿದ್ದಳು. ಸತ್ಯವ್ವನ ಮಾತಿಗೆ ಎದುರಾಡಿ ಆ ಓಣಿಯಲ್ಲಿ ಯಾರೂ ಗೆದ್ದಿರಲಿಲ್ಲ. ಅವಳು ಕೂಸುಗಳಿಗೆ ಎರೆಯುವವಳು. ಸಂಪಗಾಂವದಿಂದ ಮದುವೆಯಾಗಿ ಬಂದ ಮೂರನೇ ವರ್ಷಕ್ಕೆ ಅತ್ತೆಯಿಂದ ಈ ಕೆಲಸ ಕಲಿತಳು. ಈಗ ಅವಳಿಗೆ ಅರವತ್ತೆಂಟು. ಬಜಾರದಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಅರ್ಧ ಗಂಡಸರನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದವಳು, ಅದನ್ನು ಅವರ ಹೆಂಡಂದಿರ ಎದುರಿಗೇ ನೆನಪು ಮಾಡಿಕೊಡುವುದಕ್ಕೂ ಹಿಂಜರಿಯುವವಳಲ್ಲ. ಶೈಲಜಾಳ ಮಗಳು ಮೀನಾಗೂ ಇಪ್ಪತ್ತಾರು ವರ್ಷದ ಹಿಂದೆ ಇವಳೇ ಎರೆದಿದ್ದಳು. ಸತ್ಯವ್ವ ಎರೆದ ಕೂಸಿನ ಕತ್ತು ಹುಣ್ಣಾಗುವುದಿಲ್ಲ ಎಂಬುದು ಊರಿಗೆ ಗೊತ್ತಿದ್ದ ಮಾತು. ಅವಳಿಗೆ ಹೊಲವಿರಲಿಲ್ಲ, ಬಂಗಾರವಿರಲಿಲ್ಲ. ಈ ಒಂದು ಮಾತು ಇತ್ತು, ಅದರ ಮೇಲೆಯೇ ಅವಳು ತಲೆಯೆತ್ತಿ ನಡೆಯುತ್ತಿದ್ದಳು.

ಪೌಡರ್ ಎಂದರೆ ಅವಳಿಗೆ ಆಗದು. ಮುಖಕ್ಕೆ ಬಡಿದುಕೊಂಡು ಕತ್ತನ್ನು ಮರೆಯುವ ಹೆಣ್ಣುಮಕ್ಕಳು, ಅಂಗಿಯ ಕಾಲರಿಗೆ ಬಿಳಿ ಪಟ್ಟೆ ಮಾಡಿಕೊಂಡು ಬಸ್ಸಿನಲ್ಲಿ ಟಿಕೀಟು ಹರಿಯುವ ಕಂಡಕ್ಟರು, ಫೋಟೋಕ್ಕೆ ನಿಲ್ಲಿಸುವಾಗ ಹಿಟ್ಟಿನಲ್ಲಿ ಹೊರಳಿಸಿದಂತೆ ಕಾಣುವ ಮದುಮಗ, ಎಲ್ಲರ ಮೇಲೂ ಅವಳಿಗೆ ಒಂದೇ ತಿರಸ್ಕಾರ. ಬೇಸಿಗೆಯಲ್ಲಿ ಬೆವರುಸಾಲೆ ಎದ್ದ ಬೆನ್ನಿಗೆ ಗಂಡಸರು ಸುರಿದುಕೊಳ್ಳುವ ತಂಪು ಪೌಡರನ್ನಾದರೂ ಒಪ್ಪುತ್ತಿದ್ದಳೋ ಏನೋ, ಆದರೆ ಆ ಜಾಣರು ಒದ್ದೆ ಬೆನ್ನಿನ ಮೇಲೆಯೇ ಸುರಿದುಕೊಂಡು, ಕಣಕದ ಹಾಗೆ ಮೆತ್ತಿಕೊಂಡ ಮೇಲೆ ತುರಿಕೆ ಹೋಗಲಿಲ್ಲವೆಂದು ಕಂಪನಿಯನ್ನು ಬೈಯುತ್ತಿದ್ದರು. ಅವಳ ದೃಷ್ಟಿಯಲ್ಲಿ ಪೌಡರಿನ ಸರಿಯಾದ ಉಪಯೋಗ ಕಂಡುಕೊಂಡವನು ಶೈಲಜಾಳ ಗಂಡ ಒಬ್ಬನೇ. ಅವನು ಹತ್ತೊಂಬತ್ತರಲ್ಲಿ ಒಂದನ್ನು ಒಯ್ದು ಕೇರಂ ಬೋರ್ಡಿಗೆ ಉದುರಿಸಿಕೊಂಡಿದ್ದ.

ಕೂಸಿನ ವಿಷಯಕ್ಕೆ ಬಂದರೆ ಅವಳ ತಿರಸ್ಕಾರ ಸಿಟ್ಟಾಗುತ್ತಿತ್ತು. ಈ ಊರಿನ ಜನ ಪೌಡರನ್ನು ಚರ್ಮ ಒಣಗಿಸಲಿಕ್ಕೆ ಹಚ್ಚುವುದಿಲ್ಲ, ಬಣ್ಣ ಮುಚ್ಚಲಿಕ್ಕೆ ಹಚ್ಚುತ್ತಾರೆ. ಮೀನಾಳ ಕೂಸು ಹೆಣ್ಣು, ಬಣ್ಣ ಎಣ್ಣೆಗಪ್ಪು. ನೋಡಲು ಬಂದ ಪ್ರತಿಯೊಬ್ಬಳೂ ಡಬ್ಬಿಯನ್ನು ಕೈಗಿಡುತ್ತ, "ಬಣ್ಣಾ ತಿಳಿ ಆಗತೈತಿ ಬಿಡ್ರಿ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದಳು. ಯಾರೂ ಸತ್ತಿರಲಿಲ್ಲ, ಆದರೂ ಸಮಾಧಾನ. ಶೈಲಜಾ ಓದಿದವಳು, ಸಾಲಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು. ಅವಳೂ ಯಾರಾದರೂ ಗೇಟು ತೆರೆದ ಸಪ್ಪಳವಾದರೆ ಓಡಿಹೋಗಿ ಕೂಸಿನ ಮುಖಕ್ಕೆ ನಾಲ್ಕು ಸಲ ಡಬ್ಬಿ ಕೊಡವುತ್ತಿದ್ದಳು. ಕೂಸು ಸೀನುತ್ತಿತ್ತು.

ಸತ್ಯವ್ವನ ಬಳಿ ಇದ್ದುದು ಹಿತ್ತಾಳೆಯ ಒಂದು ಹಳೆಯ ಡಬ್ಬಿ. ಅದರಲ್ಲಿ ಆಕಳ ಸಗಣಿಯ ಕುಳ್ಳನ್ನು ಬಿಳಿಯಾಗುವವರೆಗೆ ಸುಟ್ಟು, ತೆಳು ಧೋತರದಲ್ಲಿ ಮೂರು ಸಲ ಸೋಸಿದ ಬೂದಿ. ಎರೆದ ಮೇಲೆ ಕೂಸನ್ನು ಹಳೆಯ ಮೆತ್ತನೆ ಧೋತರದಿಂದ ಒರಸಿ, ಕೆಂಡಕ್ಕೆ ಲೋಬಾನ ಹಾಕಿ ಹೊಗೆ ತೋರಿಸಿ, ಕತ್ತು, ಕಂಕುಳು, ತೊಡೆಸಂದಿಗೆ ಆ ಬೂದಿಯನ್ನು ಚಿಟಿಕೆಯಷ್ಟು ಸವರುವುದು ಅವಳ ಪದ್ಧತಿ. ಮೊದಲನೇ ದಿನವೇ ಮೀನಾಳನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳಿದ್ದಳು.

"ಮೊದಲ ಒಣಗಸಬೇಕು, ಆಮ್ಯಾಲ ಪುಡಿ. ತಿಳೀತೇನವಾ? ಗದ್ದ ಎತ್ತಿ, ಕೊಳ್ಳಿನ ಸಂದಿ ತಗದು, ಒರಸಿ, ಕಣ್ಣಲೆ ನೋಡಿ, ಆಮ್ಯಾಲ ಪುಡಿ. ಒಣಗಿದ ಮೈಗಿ ಬೂದಿ ಅಂದ್ರ ತಾಯಿ ಇದ್ದಂಗ. ಹಸಿ ಮ್ಯಾಲ ಬಿತ್ತಂದ್ರ ಅದ ಸುಡತೈತಿ. ನಮ್ಮವ್ವ ಬೂದಿನೀರಾಗ ಅರಬಿ ಒಗೀತಿದ್ಲು, ಕೈ ಬಿರೀತಿದ್ವು. ಅಷ್ಟ ಖಾರ ಅದು."

"ಹೂಂ ಆಯಿ," ಎಂದಿದ್ದಳು ಮೀನಾ. ಅವಳು ಮಾತು ಕಡಿಮೆಯವಳು.

ಈ ನಡುವೆ ಸತ್ಯವ್ವನಿಗೆ ಬೇರೆ ಕೆಲವು ವಿಷಯಗಳ ಮೇಲೂ ಸಿಟ್ಟಿತ್ತು. ಈಗಿನ ಸೂಜಿಗಳ ಕಣ್ಣನ್ನು ಸಣ್ಣ ಮಾಡಿದ್ದಾರೆ ಎನ್ನುತ್ತಿದ್ದಳು. ಈಗಿನ ಬಲ್ಬುಗಳಿಗೆ ಬೆಳಕೇ ಇಲ್ಲ ಎನ್ನುತ್ತಿದ್ದಳು. ಶೈಲಜಾ ಹಳೆ ಬಚ್ಚಲು ಕೆಡವಿ ಟೈಲ್ಸ್ ಹಾಕಿಸಿ, ಮಬ್ಬು ಗಾಜಿನ ಕಿಡಕಿ ಇಡಿಸಿದ್ದಂತೂ ಅವಳಿಗೆ ಶುದ್ಧ ದಡ್ಡತನವಾಗಿ ಕಂಡಿತ್ತು. ಸೂರ್ಯನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತಾಯಿತು ಎಂದಿದ್ದಳು. ಹೋದ ದೀಪಾವಳಿಯ ಮುಂದೆ ಊರಿನಲ್ಲಿ ಕಣ್ಣಿನ ಶಿಬಿರ ನಡೆದಾಗ ಯಾರೋ ಎಳೆದುಕೊಂಡು ಹೋಗಿದ್ದರು. ಅಲ್ಲಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂದಿದ್ದ. "ಮೀಸಿ ಚಿಗತಿಲ್ಲ, ನನಗ ಪೊರಿ ತಗೀತಾನಂತ," ಎಂದು ಚೀಟಿಯನ್ನು ಅಲ್ಲೇ ಹರಿದು ಒಗೆದು ಬಂದಿದ್ದಳು. ಎರೆಯುವುದು ಕೈಯ ಕೆಲಸ, ಕಣ್ಣಿನದಲ್ಲ ಎಂದು ಓಣಿಗೆಲ್ಲ ಸಾರಿದ್ದಳು. ಒರಸಿದ ಮೇಲೆ ಕಣ್ಣಿಂದ ನೋಡಬೇಕೆಂದು ಮೀನಾಗೆ ಹೇಳಿದವಳೂ ತಾನೇ ಎಂಬುದು ಅವಳ ನೆನಪಿಗೆ ಬರಲಿಲ್ಲ.

ಇಪ್ಪತ್ತೈದನೇ ದಿನಕ್ಕೆ ಕೂಸಿನ ಕತ್ತಿನ ಮಡಿಕೆಯಲ್ಲಿ ಕೆಂಪು ಗೆರೆ ಕಂಡಿತು. ಏಪ್ರಿಲ್ ಬಿಸಿಲು, ಬೆವರು ಇರಬೇಕು ಎಂದುಕೊಂಡರು. ಮೂವತ್ತನೇ ದಿನಕ್ಕೆ ಚರ್ಮ ಸುಲಿದು ನೀರಾಡತೊಡಗಿತು. ಎತ್ತಿಕೊಂಡರೆ ಕೂಸು ಕಿಟ್ಟನೆ ಚೀರುತ್ತಿತ್ತು.

"ಹೇಳಿದ್ನಿಲ್ಲೋ?" ಎಂದಳು ಸತ್ಯವ್ವ. "ಪಾವಡರ್ ಸುರೀರಿ, ಇನ್ನಷ್ಟ ಸುರೀರಿ. ಬೆಳ್ಳಗ ಮಾಡಾಕ ಹೋಗಿ ಕೆಂಪಗ ಮಾಡೀರಿ."

ಶೈಲಜಾ ಕೂಸನ್ನು ಮಕ್ಕಳ ಡಾಕ್ಟರ ಬಳಿ ಒಯ್ದಳು. ಅವರು ಏನು ಹಚ್ಚುತ್ತೀರಿ ಎಂದು ಕೇಳಿದರು. ಈ ವಿಜ್ಞಾನದ ಟೀಚರಿಗೆ ಡಾಕ್ಟರ ಮುಂದೆ ಬೂದಿ ಎನ್ನಲು ನಾಚಿಕೆಯಾಯಿತು. "ಪೌಡರ್ ರೀ," ಎಂದಳು. ಹಾಗಾದರೆ ಪೌಡರ್ ಬಂದ್ ಮಾಡಿ, ಒಣಗಿಸಿಡಿ, ಈ ಮುಲಾಮು ಹಚ್ಚಿ ಎಂದು ಬರೆದುಕೊಟ್ಟರು. ಮನೆಗೆ ಬಂದು ಹೇಳಿದಾಗ ಸತ್ಯವ್ವನ ಎದೆ ಉಬ್ಬಿತು. ತನ್ನ ಮಾತನ್ನೇ ಒಬ್ಬ ಡಾಕ್ಟರು ಫೀ ತೆಗೆದುಕೊಂಡು ಹೇಳಿದನಲ್ಲ ಎಂದು ಎರಡು ದಿನ ಹೋದಲ್ಲೆಲ್ಲ ಆಡಿಕೊಂಡಳು. ಡಬ್ಬಿಗಳು ಶೋಕೇಸಿನಿಂದ ಇಳಿದು ಅಟ್ಟ ಸೇರಿದವು.

ಕತ್ತು ಮಾತ್ರ ಒಣಗಲಿಲ್ಲ. ಇನ್ನೂ ಕೆಟ್ಟಿತು.

ಇದಕ್ಕೆ ಸತ್ಯವ್ವನಿಗೆ ಒಂದೇ ಕಾರಣ ತೋಚಿತು. ಶೈಲಜಾ ಕದ್ದು ಹಚ್ಚುತ್ತಿದ್ದಾಳೆ. ಓದಿದವರು ಎಲ್ಲರಿಗಿಂತ ದೊಡ್ಡ ಕಳ್ಳರು, ಅವರಿಗೆ ಸುಳ್ಳು ಹೇಳಲಿಕ್ಕೂ ನೀಟಾಗಿ ಬರುತ್ತದೆ ಎಂದು ಅವಳ ಅಭಿಪ್ರಾಯ. ಬಚ್ಚಲ ಬಾಗಿಲಲ್ಲಿ ನಿಂತು ನೇರವಾಗಿಯೇ ಕೇಳಿದಳು.

"ಇಲ್ಲ ಸತ್ಯವ್ವಾ, ದೇವರಾಣಿ ಇಲ್ಲ," ಎಂದಳು ಶೈಲಜಾ. ಅವಳಿಗೂ ತಾಳ್ಮೆ ಮುಗಿದಿತ್ತು. "ಬರೂ ಐತಾರ ರಾಮದುರ್ಗದಿಂದ ಮೀನಾನ ಅತ್ತಿ ಬರತಾರ, ಹೆಸರಿಡೂ ದಿನಾ ಗೊತ್ತ ಮಾಡಾಕ. ಕೂಸಿನ ಕೊಳ್ಳ ಹಿಂಗ ಇದ್ರ ನಾ ಅವರಿಗಿ ಏನ್ ಮುಖಾ ತೋರಸಲಿ? ಕಿತ್ತೂರಾಗ ಒಬ್ಬಾಕಿ ನರ್ಸ್ ಅದಾಳಂತ, ಎಣ್ಣಿ ಹಚ್ಚಿ ಎರದೂ ಹೋಗತಾಳಂತ. ಐತಾರದೊಳಗ ಆರಾಮಾಗಲಿಲ್ಲಂದ್ರ ಅಕಿನ್ನ ಕರಸತೇನಿ. ಸಿಟ್ಟಾಗಬ್ಯಾಡ್ರಿ."

ಸತ್ಯವ್ವ ಸಿಟ್ಟಾಗಲಿಲ್ಲ, ಹೆದರಿದಳು. ಹೆದರಿಕೆ ಅವಳಿಗೆ ರೂಢಿಯಿಲ್ಲದ್ದರಿಂದ ಅದನ್ನು ಸಿಟ್ಟೆಂದೇ ತಿಳಿದುಕೊಂಡಳು. ಕಿತ್ತೂರಿನಿಂದ ಸ್ಕೂಟಿಯ ಮೇಲೆ ಕೈಚೀಲ ಹಾಕಿಕೊಂಡು ಬರುವ ಹುಡುಗಿಯೊಬ್ಬಳು ತನ್ನ ಮಣೆಯ ಮೇಲೆ ಕೂತುಬಿಟ್ಟರೆ ಸಂಜೆಯೊಳಗೆ ಓಣಿಗೆ ಗೊತ್ತಾಗುತ್ತದೆ, ಮಾರನೇ ದಿನ ಊರಿಗೆ. ಸತ್ಯವ್ವನ ಕೈ ಕೆಟ್ಟಿತಂತೆ ಎನ್ನುತ್ತಾರೆ. ಆಮೇಲೆ ಅವಳನ್ನು ಯಾರು ಕರೆಯುತ್ತಾರೆ, ಅವಳ ಬಾಯಿಗೆ ಯಾರು ಹೆದರುತ್ತಾರೆ?

ಆ ದಿನದಿಂದ ಬೂದಿಯನ್ನು ಇನ್ನೂ ಹೆಚ್ಚು ಸವರತೊಡಗಿದಳು. ಚಿಟಿಕೆ ಇದ್ದದ್ದು ಎರಡು ಬೆರಳಾಯಿತು.

ಭಾನುವಾರ ಹತ್ತು ಗಂಟೆಗೆ ರಾಮದುರ್ಗದ ಬೀಗತಿ ಸೋಮವ್ವ ಕಾರಿನಿಂದಿಳಿದಳು. ಅಗಲವಾದ ಹೆಂಗಸು, ಅಗಲವಾದ ಬಂಗಾರ. ಕೈಯಲ್ಲಿ ಬೇರೇನು, ಗುಲಾಬಿ ಪೆಟ್ಟಿಗೆ. ಸತ್ಯವ್ವ ಆಗಷ್ಟೇ ಕೂಸಿಗೆ ಎರೆದು, ಬೂದಿ ಸವರಿ, ತೊಟ್ಟಿಲಿಗೆ ಹಾಕಿ, ಪಡಸಾಲೆಯ ಮೂಲೆಯಲ್ಲಿ ಚಹಾ ಬಸಿ ಹಿಡಿದು ಕೂತಿದ್ದಳು. ಹೋಗಬಹುದಿತ್ತು, ಹೋಗಲಿಲ್ಲ. ಕತ್ತಿನ ವಿಷಯ ಬಂದರೆ ಉತ್ತರ ಹೇಳಲು ತಾನಿರಬೇಕು ಎಂದುಕೊಂಡಿದ್ದಳು.

"ಬರ್ರಿ ಅಕ್ಕಾರ, ಕುಂಡರ್ರಿ," ಎಂದು ಶೈಲಜಾ ಓಡಾಡಿದಳು. ಸೋಮವ್ವ ಕೂತಳು, ಕುರ್ಚಿ ಕಿರುಗುಟ್ಟಿತು. ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡು ಕೆಲಹೊತ್ತು ದಿಟ್ಟಿಸಿದಳು.

"ಮೀನಾ, ಕೂಸಿಗಿ ಏನೂ ಹಚ್ಚೂದಿಲ್ಲೇನವಾ? ನಮ್ಮ ಮನ್ಯಾಗ ಯಾರೂ ಇಷ್ಟ ಕಪ್ಪ ಇಲ್ಲ ನೋಡು."

"ಡಾಕ್ಟರು ಬ್ಯಾಡ ಅಂದಾರ್ರಿ ಅತ್ತಿ," ಎಂದಳು ಮೀನಾ ಮೆಲ್ಲಗೆ.

"ಡಾಕ್ಟರಿಗೇನ್ ಗೊತ್ತ? ನಾ ಮೂರ್ ಮಂದಿ ಹಡದೇನಿ." ಸೋಮವ್ವ ತಾನೇ ಪೆಟ್ಟಿಗೆ ಹರಿದು, ಡಬ್ಬಿಯ ಮುಚ್ಚಳ ತಿರುವಿ, ಕೂಸಿನ ಮೇಲೆ ಮೇಲಿಂದ ಕೆಳಗೆ ಕೊಡವಿದಳು. ಬಿಳಿ ಹೊಗೆ ಎದ್ದಿತು. ಕೂಸು ಸೀನಿತು, ಕೆಮ್ಮಿತು, ಆಮೇಲೆ ಉಸಿರು ಕಟ್ಟಿದಂತೆ ಅತ್ತಿತು. ಕೋಣೆಯೆಲ್ಲ ಮಲ್ಲಿಗೆಯ ಸುಳ್ಳು ವಾಸನೆ ತುಂಬಿತು.

ಸತ್ಯವ್ವನಿಗೆ ಕಾಣುತ್ತಿದ್ದುದು ಮಬ್ಬು. ಆದರೆ ಸೀನು ಕೇಳಿಸಿತು, ವಾಸನೆ ಬಡಿಯಿತು. ಬಸಿ ನೆಲಕ್ಕಿಟ್ಟು ಎದ್ದೇಬಿಟ್ಟಳು. ಇಪ್ಪತ್ತು ದಿನದಿಂದ ಎದೆಯಲ್ಲಿ ಕೂತದ್ದು ಬಾಯಿಗೆ ಬಂತು.

"ಕೊಡ್ರಿ ಕೂಸಿನ್ನ. ಕೊಡ್ರಿ ಇತ್ತ." ಬೀಗತಿಯ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. "ಮೂರ್ ಮಂದಿ ಹಡದೀರಿ ಖರೆ, ಎರದಾಕಿ ಯಾರ್? ನನ್ನಂಥಾಕಿ ಯಾವಾಕೀನೋ ಎರದಿರಬೇಕು. ಕೂಸಂದ್ರ ಹೋಳಿಗಿ ಏನ್ರಿ, ಹಿಟ್ಟ ಉದುರ್ಸಿ ಲಟ್ಟಸಾಕ? ಕಪ್ಪಂತ! ಕಪ್ಪ ಇದ್ರ ಏನಾತು, ನಿಮ್ಮ ಮನ್ಯಾಗ ಕನ್ನಡಿ ಇಲ್ಲೇನು?"

"ಸತ್ಯವ್ವಾ!" ಶೈಲಜಾ ಅಡ್ಡ ಬಂದಳು.

"ಸುಮ್ನಿರು ಶೈಲವ್ವಾ. ಇವತ್ತ ತೋರಸೇ ಬಿಡತೇನಿ." ಸತ್ಯವ್ವ ಕೂಸನ್ನು ಮೊಣಕೈಯ ಮೇಲೆ ಹಾಕಿಕೊಂಡು ಗದ್ದ ಎತ್ತಿದಳು. ಕತ್ತಿನ ಮಡಿಕೆಯೊಳಗೆ ಕಿರುಬೆರಳು ಹಾಕಿ, ಆಳದಿಂದ ಒಂದು ಸಲ ಎಳೆದಳು. ಕೂಸು ಚೀರಿತು. ಬೆರಳಿಗೆ ದಪ್ಪಗೆ ಏನೋ ಮೆತ್ತಿಕೊಂಡು ಬಂತು. ಅದನ್ನು ಸೋಮವ್ವನ ಮೂಗಿನ ಹತ್ತಿರ ಹಿಡಿದಳು. "ನೋಡ್ರಿ! ಕಣ್ಣ ತಗದ ನೋಡ್ರಿ ನಿಮ್ಮ ಪಾವಡರ್! ಹಸಿ ಮ್ಯಾಲ ಹಚ್ಚಿ ಹಚ್ಚಿ ಸಂದ್ಯಾಗ ಹೆಂಗ ಕೆಸರಾಗೇತಿ ನೋಡ್ರಿ. ಇದು ಕೂಸಿನ ಕೊಳ್ಳ ತಿನ್ನಾಕಹತ್ತೇತಿ."

ಸೋಮವ್ವನ ಠೀವಿಯೆಲ್ಲ ಇಳಿದುಹೋಯಿತು. ಸುಲಿದ ಕತ್ತನ್ನು ಅವಳು ಆಗಷ್ಟೇ ನೋಡಿದ್ದು. ಅವಳ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು.

"ಅಯ್ಯ ಶಿವನೇ, ನನಗ ಗೊತ್ತಿದ್ದಿಲ್ರಿ. ಪಾವಡರ್ ಅಂದ್ರ ತಂಪಂತ ತಿಳಿದಿದ್ನಿ. ಇಷ್ಟ ಕರ್ರಗ ಆಗತೈತೇನ್ರಿ ಅದು? ಇನ್ನ ಮುಟ್ಟೂದಿಲ್ಲ ಬಿಡ್ರಿ."

ಸತ್ಯವ್ವ ಗೆದ್ದಳು. ರಾಮದುರ್ಗದ ಬಂಗಾರ ತಲೆ ತಗ್ಗಿಸಿ ಕೂತಿತ್ತು, ಶೈಲಜಾ ಬಾಯಿ ಮುಚ್ಚಿಕೊಂಡಿದ್ದಳು, ಕಿತ್ತೂರಿನ ಸ್ಕೂಟಿ ಕಿತ್ತೂರಿನಲ್ಲೇ ಉಳಿಯಿತು. ಇನ್ನೆರಡು ಮಾತು ಆಡಿ ಪೂರ್ತಿ ಮಣ್ಣು ಮುಕ್ಕಿಸಬೇಕೆಂದು ಬಾಯಿ ತೆರೆದವಳು ಹಾಗೆಯೇ ನಿಂತಳು.

ಕರ್ರಗೆ?

ಪೌಡರ್ ಎಷ್ಟು ಹಳಸಿದರೂ ಬಿಳಿಯೇ. ಸತ್ಯವ್ವ ಬೆರಳನ್ನು ಕಣ್ಣಿಗೆ ಹತ್ತಿರ ತಂದಳು. ಬೆರಳೂ ಮಬ್ಬು, ಮೆತ್ತಿಕೊಂಡದ್ದೂ ಮಬ್ಬು, ಬಣ್ಣ ತಿಳಿಯಲಿಲ್ಲ. ಆಗ ಹೆಬ್ಬೆರಳಿಂದ ಅದನ್ನು ತಿಕ್ಕಿದಳು. ಪೌಡರ್ ಜಾರುತ್ತದೆ, ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಗೊತ್ತಾಗುತ್ತದೆ. ಇದು ಜಾರಲಿಲ್ಲ. ಬೆರಳನ್ನು ಹಿಡಿಯಿತು. ನಲವತ್ತೈದು ವರ್ಷ ದಿನಾ ಮುಂಜಾನೆ ಮುಟ್ಟಿದ್ದನ್ನು ಬೆರಳು ಮರೆಯುವುದಿಲ್ಲ. ಅದು ಬೂದಿ, ಅವಳದೇ ಬೂದಿ. ಒದ್ದೆಯಲ್ಲಿ ಕಲೆತು ಕರ್ರಗಾಗಿ, ಮಡಿಕೆಯಲ್ಲಿ ಕೂತು, ದಿನಾ ಒಂದಿಷ್ಟು ಸುಡುತ್ತ ಬಂದ ಬೂದಿ. ಹೆಚ್ಚು ಸವರಿದ್ದೂ ಅವಳೇ.

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಬೀಗತಿ ನಂಬಿದ್ದಳು, ಡಾಕ್ಟರು ಪೌಡರ್ ಎಂದೇ ಬರೆದುಕೊಟ್ಟಿದ್ದ, ಇಪ್ಪತ್ತನೇ ಡಬ್ಬಿ ಟೀಪಾಯಿಯ ಮೇಲೆ ಅಪರಾಧಿಯಂತೆ ಕೂತಿತ್ತು. ಸತ್ಯವ್ವನ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಕೂಸು ಮಾತ್ರ ಅವಳ ತೋಳಿನ ಮೇಲೆ ಬಿಕ್ಕುತ್ತಿತ್ತು, ಬಿಕ್ಕಿದಾಗಲೆಲ್ಲ ಕತ್ತು ಮಡಚಿ ಮತ್ತೆ ಚೀರುತ್ತಿತ್ತು. ನಾಳೆ ಮುಂಜಾನೆ ತಾನು ಮತ್ತೆ ಡಬ್ಬಿ ತೆರೆಯುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

"ಬೀಗತ್ಯಾರ," ಎಂದಳು. ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಕಣ್ಣ ಒರಸ್ಕೊರ್ರಿ. ಇದು ನಿಮ್ಮ ಪಾವಡರ್ ಅಲ್ಲ. ನನ್ನ ಬೂದಿ ಇದು. ನಾ ಒರಸೇನಿ ಅಂತ ತಿಳಕೊಂಡಿದ್ನಿ, ಒಣಗಿದ್ದಿಲ್ಲ. ನನಗ ಕಣ್ಣ ಕಾಣಸೂದಿಲ್ಲ."

ಸೋಮವ್ವ ಸೆರಗು ಕಣ್ಣಿಗೆ ಹಿಡಿದವಳು ಹಾಗೆಯೇ ನೋಡುತ್ತಿದ್ದಳು. ಬೈಯಲು ಅವಳಿಗೆ ಎಲ್ಲ ಹಕ್ಕೂ ಇತ್ತು; ಅದನ್ನು ಕಾದೇ ಸತ್ಯವ್ವ ಬೆನ್ನು ನೇರ ಮಾಡಿಕೊಂಡು ನಿಂತಿದ್ದಳು. ಬೈಗುಳ ಬರಲಿಲ್ಲ. ಎದ್ದು ಬಂದವಳು ಮೀನಾ. ಕೈಯಲ್ಲಿ ಮೆತ್ತನೆಯ ಹಳೆ ಧೋತರದ ತುಂಡಿತ್ತು, ಉಗುರುಬೆಚ್ಚಗಿನ ನೀರಿನ ಬಟ್ಟಲಿತ್ತು. ಎಲ್ಲ ಮೊದಲೇ ತಯಾರಿದ್ದಂತೆ ಇತ್ತು. ಕೂಸನ್ನು ಇಸಿದುಕೊಂಡು, ಗದ್ದ ಎತ್ತಿ, ಮಡಿಕೆ ಬಿಡಿಸಿ, ಒಂದೊಂದೇ ಗೆರೆ ತೊಳೆದಳು. ಆಮೇಲೆ ಒಣಬಟ್ಟೆಯಿಂದ ಒತ್ತಿದಳು, ತಿಕ್ಕಲಿಲ್ಲ. ಬಾಗಿ ನೋಡಿದಳು. ಮತ್ತೆ ಒತ್ತಿದಳು. ಕೈಯಾಡಿದ ಸಪ್ಪಳದಿಂದಲೇ ಸತ್ಯವ್ವನಿಗೆ ತಿಳಿಯಿತು, ಇದು ಇವಳಿಗೆ ಇವತ್ತು ಮೊದಲ ಸಲವಲ್ಲ.

"ನಿನಗ ಗೊತ್ತಿತ್ತು," ಎಂದಳು.

"ಹೂಂ ಆಯಿ. ಹತ್ತ ದಿನಾ ಆತು. ಎರದ ಮ್ಯಾಲ ಸಂದ್ಯಾಗ ನೀರ್ ಹಂಗ ಇರತಿತ್ತು, ಅದರ ಮ್ಯಾಲ ಬೂದಿ ಹಚ್ಚತಿದ್ರಿ. ನೀವ್ ಹೋದ ಮ್ಯಾಲ ದಿನಾ ತೊಳೀತಿದ್ನಿರಿ. ಆದ್ರ ಅಷ್ಟೊತ್ತಿಗೆ ಅದು ಹತ್ತಿಕೊಂಡ ಬಿಡತಿತ್ತು."

"ಹತ್ತ ದಿನಾ!" ಸತ್ಯವ್ವನ ಹಳೆಯ ದನಿ ಒಮ್ಮೆಲೇ ಮರಳಿ ಬಂತು. "ಹಡದಾಕಿ ಹೌದೋ ಅಲ್ಲೋ ನೀ? ಹತ್ತ ದಿನಾ ಕೂಸಿನ ಕೊಳ್ಳ ಸುಡೂದು ನೋಡ್ಕೋತ ಕುಂತ್ಯಾ? ಬಾಯಾಗ ನಾಲಿಗಿ ಇದ್ದಿಲ್ಲೇನು? ಯಾಕ ಹೇಳಲಿಲ್ಲ ನನಗ?"

ಮೀನಾ ತಲೆ ಎತ್ತಲಿಲ್ಲ. ಕೂಸಿನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕತ್ತಿಗೆ ಗಾಳಿಯಾಡಲಿ ಎಂದು ಮೆಲ್ಲಗೆ ಊದುತ್ತಿದ್ದಳು.

"ಹಿಂಗ ಬೈತೀರಿ ಅಂತ, ಆಯಿ."

ಸತ್ಯವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಿತ್ತಾಳೆಯ ಡಬ್ಬಿಯನ್ನು ತೆಗೆದು ಮೀನಾಳ ಪಕ್ಕ ನೆಲದ ಮೇಲೆ ಇಟ್ಟಳು. ಕೂಸು ಬಿಕ್ಕುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತಿತ್ತು. ಅದರ ಕತ್ತು ಒಣಗಿದೆಯೋ ಇಲ್ಲವೋ ಅವಳಿಗೆ ಕಾಣುತ್ತಿರಲಿಲ್ಲ.

"ಒಣಗೇತೇನವಾ?" ಎಂದು ಕೇಳಿದಳು.